ಸೊಳ್ಳೆಯ ದಾರಿ

ಸಂಜೆ ದೇವರ ಮುಂದೆ ದೀಪವನ್ನು ಹಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಕಿವಿಯ ಬಳಿ ಒಂದು ಸಣ್ಣ ದನಿ ಕೇಳಿಬರುತ್ತದೆ. ಓದುತ್ತ ಕುಳಿತ ಹುಡುಗನು ಪುಸ್ತಕದಿಂದಲೇ ಗಾಳಿಯನ್ನು ಬೀಸಿಕೊಳ್ಳುತ್ತಾನೆ. ಅಜ್ಜಿಯು ಬೇವಿನ ಸೊಪ್ಪಿನ ಹೊಗೆಯನ್ನು ಹಾಕಿಸುತ್ತಾಳೆ. ಮನೆಯ ಯಜಮಾನನು ಎರಡು ಕೈಗಳನ್ನೂ ತಟ್ಟಿ, ಅಂಗೈಯನ್ನು ದೀಪಕ್ಕೆ ಹಿಡಿದು ನೋಡಿ, ಅಲ್ಲಿ ಏನೂ ಇಲ್ಲದಿರಲು ನಿರಾಶನಾಗುತ್ತಾನೆ. ಆ ಸೊಳ್ಳೆಯು ಎಲ್ಲಿಂದ ಬಂದಿತು, ತಪ್ಪಿಸಿಕೊಂಡು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಊರ ಹೊರಗೆ ಕೆರೆಯಿದೆ, ಗದ್ದೆಯಿದೆ, ನೆರೆಯವರ ಹಿತ್ತಲಿದೆ. ಒಂದು ಮನೆಯವರು ತಮ್ಮ ಅಂಗಳದ ನೀರನ್ನು ಬಳಿದು ಹಾಕಿದ ಮಾತ್ರಕ್ಕೆ ಆಗುವ ಪ್ರಯೋಜನವೇನು? ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದುಕೊಂಡು ಎಲ್ಲರೂ ಸುಮ್ಮನಾಗುತ್ತಾರೆ.

ಈ ಸುಮ್ಮನಿರುವಿಕೆಯು ನೋಡುವುದಕ್ಕೆ ವಿವೇಕದಂತೆ ಕಾಣುತ್ತದೆ. ಆದರೆ ಅದಕ್ಕಾಗಿ ತೆತ್ತ ಬೆಲೆಯು ಸಣ್ಣದಲ್ಲ. ಕನ್ನಡನಾಡಿನ ಮಲೆನಾಡಿನಲ್ಲಿ ಹಿಂದೆ ಚಳಿಜ್ವರವೆಂದರೆ ಮಳೆಗಾಲದಂತೆ ವರ್ಷವರ್ಷವೂ ಬರತಕ್ಕ ಒಂದು ಸಂಗತಿಯಾಗಿತ್ತು. ಮಕ್ಕಳ ಕೈಕಾಲು ಸಣ್ಣಗಾಗಿ ಹೊಟ್ಟೆಯ ಎಡಗಡೆಯಲ್ಲಿ ಜ್ವರಗಡ್ಡೆಯು ಕೈಗೆ ಸಿಕ್ಕುತ್ತಿತ್ತು. ಫಲವತ್ತಾದ ಗದ್ದೆಗಳು ಉಳುವವರಿಲ್ಲದೆ ಬೀಳುಬಿದ್ದು, ತುಂಬಿದ ಮನೆಗಳಲ್ಲಿ ಕೊನೆಗೆ ದೀಪ ಹಚ್ಚುವವರಿಲ್ಲದಂತಾದುದೂ ಉಂಟು. ಇದನ್ನು ಹಣೆಬರಹವೆಂದು ಸಹಿಸಿದವರು ಮೂಢರೇನೂ ಅಲ್ಲ. ಕಣ್ಣಿಗೆ ಕಾಣುವ ಸೊಳ್ಳೆಗಳ ಸಂಖ್ಯೆಯನ್ನೂ ತಮ್ಮ ಎರಡು ಕೈಗಳ ಬಲವನ್ನೂ ತೂಗಿ ನೋಡಿದ ಯಾರಿಗೇ ಆಗಲಿ ಅದೇ ನಿರ್ಣಯವು ತೋರುತ್ತಿತ್ತು. ಆ ತಕ್ಕಡಿಯೇ ತಪ್ಪೆಂದು ತೋರಿಸುವುದಕ್ಕೆ ಔಷಧದ ಬುಡ್ಡಿಯೊಂದೇ ಸಾಲದೆ, ಒಂದು ಲೆಕ್ಕವೂ ಬೇಕಾಯಿತು. ಆ ಲೆಕ್ಕದ ಕಥೆಯು ಪದಾರ್ಥವಿಜ್ಞಾನದ ಮನೆಯನ್ನು ಹಾದುಹೋಗುತ್ತದೆ. ಅದರ ಮೊದಲ ಸಾಲು ಬೆಂಗಳೂರಿನಲ್ಲಿ ಬರೆಯಲ್ಪಟ್ಟಿತು.

೧೮೮೩ರಲ್ಲಿ ಬೆಂಗಳೂರಿನ ದಂಡಿಗೆ ಹಂಗಾಮಿ ವೈದ್ಯನಾಗಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ತರುಣನು ಬಂದನು. ಹುಟ್ಟಿದುದು ಹಿಮಾಲಯದ ತಪ್ಪಲಿನ ಅಲ್ಮೋಡದಲ್ಲಿ. ತಂದೆಯು ಸೇನೆಯ ಅಧಿಕಾರಿ. ಮಗನ ಮನಸ್ಸು ಚಿತ್ರ, ಕಾವ್ಯ, ಸಂಗೀತಗಳ ಕಡೆಗೆ. ತಂದೆಯ ಆಜ್ಞೆಯು ವೈದ್ಯದ ಕಡೆಗೆ. ಈ ಎರಡರ ನಡುವೆ ಅವನಿಗೆ ಗಣಿತದ ಹುಚ್ಚೊಂದು ತಾನಾಗಿ ಅಂಟಿಕೊಂಡಿತು. ಬೆಂಗಳೂರಿನ ಬಂಗಲೆಯಲ್ಲಿ ಅವನಿಗೆ ಸೊಳ್ಳೆಯ ಕಾಟವು ಅತಿಯಾಗಿತ್ತು. ನೋಡಲಾಗಿ, ಕಿಟಕಿಯ ಹೊರಗಿಟ್ಟಿದ್ದ ನೀರಿನ ಪೀಪಾಯಿಯೊಂದರಲ್ಲಿ ಸೊಳ್ಳೆಯ ಮರಿಗಳು ಮಿಜಿಗುಟ್ಟುತ್ತಿದ್ದುವು. ಪೀಪಾಯಿಯನ್ನು ಉರುಳಿಸಿದನು, ಕಾಟವು ಇಳಿಯಿತು. ಆ ಕಾಲಕ್ಕೆ ಸೊಳ್ಳೆಗೂ ಚಳಿಜ್ವರಕ್ಕೂ ಇರುವ ನಂಟನ್ನು ಯಾರೂ ಅರಿತಿರಲಿಲ್ಲ. ಇದು ಕೇವಲ ನಿದ್ದೆಯ ಪ್ರಶ್ನೆಯಾಗಿತ್ತು. ಅಧಿಕಾರಿಗಳ ಭೋಜನಶಾಲೆಯಲ್ಲಿಯೂ ಹೀಗೆಯೇ ಮಾಡಬಹುದೆಂದು ಅವನು ಸೂಚಿಸಿದಾಗ ದಂಡಿನ ಅಧಿಕಾರಿಯೊಬ್ಬನು ಒಪ್ಪಲಿಲ್ಲ. ಸೊಳ್ಳೆಗಳನ್ನು ಇಲ್ಲದಂತೆ ಮಾಡುವುದು ಸೃಷ್ಟಿಯ ಕ್ರಮವನ್ನೇ ಕೆಡಿಸಿದಂತೆ ಎಂಬುದು ಆತನ ಅಭಿಪ್ರಾಯವಾಗಿತ್ತು. ತರುಣನು ಆ ಮಾತನ್ನು ಮರೆಯಲಿಲ್ಲ; ಮುದುಕನಾಗಿ ತನ್ನ ಜೀವನವೃತ್ತಾಂತವನ್ನು ಬರೆಯುವಾಗಲೂ ಅದನ್ನು ನೆನೆದನು.

ಮುಂದಿನ ಕಥೆಯು ಲೋಕಪ್ರಸಿದ್ಧವಾಗಿದೆ. ರೋಗಿಯ ರಕ್ತದಲ್ಲಿ ಚಳಿಜ್ವರದ ಜೀವಿಯನ್ನು ಫ್ರೆಂಚ್ ವೈದ್ಯರಾದ ಲಾವೆರಾನರು ೧೮೮೦ರಲ್ಲಿಯೇ ಕಂಡಿದ್ದರು. ಅದನ್ನು ಸೊಳ್ಳೆಯು ಒಯ್ಯುತ್ತಿರಬಹುದೆಂಬ ಊಹೆಯನ್ನು ೧೮೯೪ರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನರು ರಾಸರ ಕಿವಿಯಲ್ಲಿ ಹಾಕಿದರು. ಮೂರು ವರ್ಷಗಳ ಕಾಲ, ಬೆವರಿನಿಂದ ತುಕ್ಕು ಹಿಡಿದ ಸೂಕ್ಷ್ಮದರ್ಶಕದ ಮುಂದೆ ಕುಳಿತು, ರಾಸರು ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡಿದರು. ೧೮೯೭ನೆಯ ಇಸವಿ ಆಗಸ್ಟ್ ೨೦ರಂದು, ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನು ಕುಡಿದಿದ್ದ ಚುಕ್ಕೆರೆಕ್ಕೆಯ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಆ ಜೀವಿಯು ಕಾಣಿಸಿತು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಚಳಿಜ್ವರವನ್ನು ಹಿಡಿದು, ಅದು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಬಂದು ಸೇರುವ ಬಗೆಯನ್ನೂ ಅವರು ತೋರಿಸಿದರು. ಮನುಷ್ಯರ ಚಳಿಜ್ವರದಲ್ಲಿ ಇದೇ ಸುತ್ತನ್ನು ಇಟಲಿಯ ಗ್ರಾಸಿ ಮತ್ತು ಅವರ ಸಂಗಡಿಗರು ಸ್ಥಾಪಿಸಿದರು. ೧೯೦೨ರಲ್ಲಿ ನೊಬೆಲ್ ಬಹುಮಾನವು ರಾಸರಿಗೆ ಸಂದಿತು.

ಇಷ್ಟಾದ ಮೇಲೆ ಲೋಕವು ಕಥೆ ಮುಗಿಯಿತೆಂದು ತಿಳಿಯಿತು. ರಾಸರಿಗಾದರೋ ಆಗಲೇ ಕಥೆಯು ಆರಂಭವಾಯಿತು. ಕಳ್ಳನು ಯಾರೆಂದು ತಿಳಿದುದರಿಂದ ಕಳವು ನಿಲ್ಲುವುದಿಲ್ಲವಷ್ಟೆ. ಬೆಂಗಳೂರಿನ ಪೀಪಾಯಿಯನ್ನು ನೆನೆದು ಅವರು ಸೊಳ್ಳೆಗಳನ್ನು ತಗ್ಗಿಸಿರೆಂದು ಸಾರಿದರು. ಆದರೆ ಲಾಹೋರಿನ ಹತ್ತಿರದ ಮಿಯಾನ್ ಮೀರ್ ಎಂಬ ದಂಡಿನಲ್ಲಿ ಈ ಶತಮಾನದ ಹಿಂದಿನ ಶತಮಾನದ ಮೊದಲ ವರ್ಷಗಳಲ್ಲಿ ನಡೆದ ಪ್ರಯೋಗವು ನಿಷ್ಫಲವಾಯಿತೆಂದು ವರದಿ ಬಂದಿತು. ಹೊಂಡಗಳನ್ನು ಮುಚ್ಚಿದರೂ ಕಾಲುವೆಗಳನ್ನು ಶುಚಿಗೊಳಿಸಿದರೂ ಸೊಳ್ಳೆಯು ಹೋಗಲಿಲ್ಲ, ಜ್ವರವೂ ಹೋಗಲಿಲ್ಲ. ಹೊರಗಿನಿಂದ ಸೊಳ್ಳೆಗಳು ಹಾರಿ ಬಂದು ತೆರಪನ್ನು ತುಂಬುವುವೆಂದು ಅನೇಕರು ಹೇಳಿದರು. ಅಂಗಳವನ್ನು ಒಣಗಿಸಿ ಪ್ರಯೋಜನವೇನು ಎಂಬ ಮನೆಯ ಮಾತೇ ಈಗ ವಿದ್ವಾಂಸರ ಮಾತಾಗಿ ಎದುರು ನಿಂತಿತು. ಪ್ರಯೋಗದ ಕ್ಷೇತ್ರವು ತೀರ ಚಿಕ್ಕದಾಗಿತ್ತೆಂದು ರಾಸರು ವಾದಿಸಿದರು. ಹಾಗಾದರೆ ಎಷ್ಟು ದೊಡ್ಡದಿರಬೇಕು? ಅದಕ್ಕೆ ಉತ್ತರವನ್ನು ಕೊಡಬೇಕಾದರೆ, ಸಂಜೆಯ ದೀಪದ ಬಳಿ ಯಾರೂ ಕೇಳದ ಆ ಪ್ರಶ್ನೆಯನ್ನೇ ಕೇಳಬೇಕಾಯಿತು: ನೀರಿನಿಂದೆದ್ದ ಸೊಳ್ಳೆಯು ಸಾಯುವುದರೊಳಗೆ ಎಷ್ಟು ದೂರ ಹೋಗುತ್ತದೆ?

೧೯೦೪ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಿದ್ವಾಂಸರ ದೊಡ್ಡ ಸಮ್ಮೇಳನವೊಂದು ಕೂಡಿದಾಗ ರಾಸರು ಈ ಪ್ರಶ್ನೆಯನ್ನು ಗಣಿತದ ಪ್ರಶ್ನೆಯಾಗಿ ಮುಂದಿಟ್ಟರು. ಮೊದಲು ಒಂದೇ ಗೆರೆಯ ಮೇಲೆ ಚಲಿಸುವ ಸೊಳ್ಳೆಯನ್ನು ಭಾವಿಸಿದರು. ಅದಕ್ಕೆ ಯಾವ ಗುರಿಯೂ ಇಲ್ಲ. ಹಾರುವ ಪ್ರತಿ ಸಲವೂ ಎಡಕ್ಕೆ ಹೋಗಬಹುದು, ಬಲಕ್ಕೂ ಹೋಗಬಹುದು. ಕಾಸನ್ನು ಚಿಮ್ಮಿ ದಾರಿಯನ್ನು ಗೊತ್ತುಮಾಡಿದಂತೆ. ಹೀಗೆ ಹತ್ತು ಹಾರಾಟಗಳಾದರೆ ಒಟ್ಟು ೧೦೨೪ ಬಗೆಯ ದಾರಿಗಳು ಸಾಧ್ಯವಾಗುತ್ತವೆ. ಇವುಗಳಲ್ಲಿ ಹತ್ತು ಸಲವೂ ಒಂದೇ ದಿಕ್ಕಿಗೆ ಹೋಗಿ ಕೊನೆಯನ್ನು ಮುಟ್ಟುವುವು ಎರಡೇ ಎರಡು: ಎಡಕ್ಕೊಂದು, ಬಲಕ್ಕೊಂದು. ೨೫೨ ದಾರಿಗಳು ಹೊರಟ ಜಾಗಕ್ಕೇ ಮರಳಿ ತರುತ್ತವೆ. ಹೊರಟ ಜಾಗ, ಅದರಿಂದ ಎರಡು ಹಾರಾಟ ಎಡಕ್ಕೆ, ಎರಡು ಹಾರಾಟ ಬಲಕ್ಕೆ ಎಂಬ ಮೂರು ಸ್ಥಾನಗಳಲ್ಲಿಯೇ ೬೭೨ ದಾರಿಗಳು, ಎಂದರೆ ಮೂರರಲ್ಲಿ ಸುಮಾರು ಎರಡು ಪಾಲು, ಮುಗಿಯುತ್ತವೆ. ರೆಕ್ಕೆಯಿದ್ದ ಮಾತ್ರಕ್ಕೆ ಸೊಳ್ಳೆಯು ದೇಶಾಂತರಿಯಾಗುವುದಿಲ್ಲ. ಗುರಿಯಿಲ್ಲದ ಸಂಚಾರವು ಮನೆಯ ಸುತ್ತಲೇ ಸುತ್ತುತ್ತಿರುತ್ತದೆ.

ಆದರೆ ಸೊಳ್ಳೆಯು ಗೆರೆಯ ಮೇಲೆ ಹಾರುವುದಿಲ್ಲ. ಬಯಲಿನಲ್ಲಿ ಯಾವ ದಿಕ್ಕಿಗೆ ಬೇಕಾದರೂ ತಿರುಗುತ್ತದೆ. ಅದರ ಲೆಕ್ಕವು ರಾಸರಿಗೆ ಬಗೆಹರಿಯಲಿಲ್ಲ. ಅವರು ಲಂಡನ್ನಿನ ಗಣಿತಜ್ಞರಾದ ಕಾರ್ಲ್ ಪಿಯರ್‌ಸನ್ನರ ಮೊರೆಹೊಕ್ಕರು. ಪಿಯರ್‌ಸನ್ನರು ೧೯೦೫ನೆಯ ಇಸವಿ ಜುಲೈ ೨೭ರ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಒಂದು ಒಗಟಿನಂತೆ ಪ್ರಕಟಿಸಿದರು. ಒಗಟಿನಲ್ಲಿ ಸೊಳ್ಳೆಯು ಮನುಷ್ಯನಾಯಿತು: ಒಬ್ಬನು ಒಂದು ಸ್ಥಳದಿಂದ ಹೊರಟು ಕೆಲವು ಗಜ ನೇರವಾಗಿ ನಡೆದು, ಮನಸ್ಸಿಗೆ ಬಂದ ಕಡೆಗೆ ತಿರುಗಿ ಮತ್ತೆ ಅಷ್ಟೇ ಗಜ ನಡೆದು, ಹೀಗೆಯೇ ಬಹಳ ಸಲ ಮಾಡಿದರೆ, ಕೊನೆಗೆ ಹೊರಟ ಸ್ಥಳದಿಂದ ಎಷ್ಟು ದೂರದಲ್ಲಿರುವ ಸಂಭವವುಂಟು?

ಉತ್ತರವು ಒಂದು ವಾರದಲ್ಲಿ ಬಂದಿತು. ಬಂದುದು ವೈದ್ಯರಿಂದಲೂ ಅಲ್ಲ, ಕೀಟಶಾಸ್ತ್ರಜ್ಞರಿಂದಲೂ ಅಲ್ಲ, ನಾದಶಾಸ್ತ್ರದ ಮಹಾಪಂಡಿತರಾದ ಲಾರ್ಡ್ ರೇಲೆಯವರಿಂದ. ೧೮೮೦ರಲ್ಲಿಯೇ ಇದೇ ಲೆಕ್ಕವನ್ನು ತಾವು ಬೇರೊಂದು ವೇಷದಲ್ಲಿ ಮಾಡಿ ಮುಗಿಸಿರುವುದಾಗಿ ಅವರು ತಿಳಿಸಿದರು. ಒಂದೇ ಶ್ರುತಿಯ ನೂರು ತಂಬೂರಿಗಳನ್ನು ನೂರು ಮಂದಿ ತಮತಮಗೆ ತೋಚಿದ ಕ್ಷಣದಲ್ಲಿ ಮೀಟಿದರೆಂದು ಭಾವಿಸಬೇಕು. ಒಂದರ ಅಲೆಯು ಏರುವಾಗ ಇನ್ನೊಂದರದು ಇಳಿಯುತ್ತಿರುತ್ತದೆ. ಕೆಲವು ಕೂಡಿಕೊಳ್ಳುತ್ತವೆ, ಕೆಲವು ಒಂದನ್ನೊಂದು ಅಳಿಸುತ್ತವೆ. ಒಟ್ಟಿನ ಅಲೆಯ ಎತ್ತರವು ಒಂದು ತಂಬೂರಿಯದರ ನೂರರಷ್ಟಾಗದೆ ಸಾಮಾನ್ಯವಾಗಿ ಹತ್ತರಷ್ಟು ಮಾತ್ರವಾಗುತ್ತದೆ. ನೂರರ ವರ್ಗಮೂಲವು ಹತ್ತು. ದಿಕ್ಕುಗೆಟ್ಟ ಹೆಜ್ಜೆಗಳಿಗೂ ಇದೇ ನಿಯಮ. ಕಿವಿಯ ಬಳಿ ಹಾಡುವ ಪ್ರಾಣಿಯ ದಾರಿಯನ್ನು ನಾದದ ಗಣಿತವು ಮೊದಲೇ ಅರಿತಿತ್ತೆಂಬುದು ಕವಿಗಳೂ ಕಲ್ಪಿಸದ ಚಮತ್ಕಾರವಾಗಿದೆ. ಪಿಯರ್‌ಸನ್ನರು ವಿನೋದವಾಗಿ, ಬಯಲಿನಲ್ಲಿ ತಪ್ಪಿಹೋದ ಕುಡುಕನನ್ನು ಹುಡುಕಬೇಕಾದರೆ ಅವನು ಹೊರಟ ಜಾಗದ ಹತ್ತಿರವೇ ಹುಡುಕಬೇಕೆಂಬ ನೀತಿಯನ್ನು ಇದರಿಂದ ತೆಗೆದರು. ಅದೇ ೧೯೦೫ರಲ್ಲಿ ಸ್ವಿಟ್ಸರ್ಲೆಂಡಿನ ಬರ್ನ್ ನಗರದ ಕಚೇರಿಯೊಂದರಲ್ಲಿ ಕೆಲಸಮಾಡುತ್ತಿದ್ದ ಐನ್‌ಸ್ಟೈನರು, ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳು ಸದಾ ತಡಬಡಿಸುವುದಕ್ಕೆ ಅಣುಗಳ ನೂಕಾಟವೇ ಕಾರಣವೆಂದು ಇದೇ ವರ್ಗಮೂಲದ ನಿಯಮದಿಂದ ತೋರಿಸಿದರು. ನಾದ, ಕುಡುಕ, ಕಣ, ಸೊಳ್ಳೆ: ನಾಲ್ಕು ವೇಷ, ಲೆಕ್ಕವೊಂದೇ.

ಈ ಲೆಕ್ಕದಿಂದ ಗೃಹಸ್ಥನಿಗೆ ಸಿಕ್ಕುವುದೇನು? ಒಂದೊಂದು ಸಲಕ್ಕೆ ಹತ್ತು ಗಜದಂತೆ ನೂರು ಸಲ ಹಾರಿದ ಸೊಳ್ಳೆಯು ಒಂದೇ ದಿಕ್ಕನ್ನು ಹಿಡಿದಿದ್ದರೆ ಸಾವಿರ ಗಜ ಹೋಗುತ್ತಿತ್ತು. ದಿಕ್ಕಿಲ್ಲದೆ ಹಾರಿದರೆ ನೂರು ಗಜವನ್ನು ದಾಟುವುವು ನೂರಕ್ಕೆ ಸುಮಾರು ೩೭. ಇನ್ನೂರು ಗಜವನ್ನು ದಾಟುವುವು ನೂರಕ್ಕೆ ಎರಡಕ್ಕಿಂತ ಕಡಿಮೆ. ಮುನ್ನೂರು ಗಜವನ್ನು ದಾಟುವುದು ಎಂಟು ಸಾವಿರಕ್ಕೆ ಒಂದು. ದೂರವು ಹೆಚ್ಚಿದಂತೆ ಸಂಖ್ಯೆಯು ಇಳಿಯುವುದಷ್ಟೇ ಅಲ್ಲ, ಕುಸಿಯುತ್ತದೆ. ಇನ್ನು, ತೆರಪನ್ನು ತುಂಬುವುದಕ್ಕಾಗಿ ಹೊರಗಿನ ಸೊಳ್ಳೆಗಳು ನುಗ್ಗಿಬರುತ್ತವೆಂಬ ಮಾತು. ಒಳಗೆ ತೆರಪಾಗಿದೆಯೆಂಬುದು ಹೊರಗಿನ ಸೊಳ್ಳೆಗೆ ಗೊತ್ತಾಗುವುದು ಹೇಗೆ? ಮೊದಲು ಎಷ್ಟು ಬರುತ್ತಿದ್ದುವೋ ಈಗಲೂ ಅಷ್ಟೇ ಬರುತ್ತವೆ. ಒಳಗೆ ಹುಟ್ಟುತ್ತಿದ್ದುವು ಮಾತ್ರ ಇಲ್ಲವಾಗಿರುತ್ತವೆ. ಶುಚಿಮಾಡಿದ ಪ್ರದೇಶದ ಗಡಿಯು ನೇರವಾಗಿದೆಯೆಂದಿಟ್ಟುಕೊಂಡರೆ, ಗಡಿಯ ಮೇಲೆಯೇ ಸೊಳ್ಳೆಗಳ ದಟ್ಟಣೆಯು ಮೊದಲಿನ ಅರ್ಧಕ್ಕೆ ಇಳಿದು, ಒಳಗೊಳಗೆ ಹೋದಂತೆ ಇನ್ನೂ ಬೇಗ ಇಳಿಯುತ್ತದೆ. ಕ್ಷೇತ್ರವು ತೀರ ಚಿಕ್ಕದಾದರೆ ಎಲ್ಲವೂ ಗಡಿಯೇ ಆಗಿ ಪ್ರಯತ್ನವು ವ್ಯರ್ಥವಾದಂತೆ ತೋರುತ್ತದೆ. ಒಂದು ಮನೆಯವರು ಮಾತ್ರ ಅಂಗಳವನ್ನು ಒಣಗಿಸಿದರೆ ಫಲವು ಅಲ್ಪವೆಂಬುದು ನಿಜವೇ. ಒಂದು ಕೇರಿಯವರೆಲ್ಲ ಒಣಗಿಸಿದರೆ ನಡುವಿನ ಮನೆಗಳಿಗೆ ದೊರೆಯುವ ಫಲವು ಬಹಳ ಹೆಚ್ಚು.

ಹೀಗೆಂದು ಲೆಕ್ಕವನ್ನು ದೇವರನ್ನಾಗಿ ಮಾಡತಕ್ಕುದಲ್ಲ. ಸೊಳ್ಳೆಯು ನಿಜವಾಗಿ ಕುಡುಕನಲ್ಲ. ಗಾಳಿಯು ಅದನ್ನು ಹೊತ್ತೊಯ್ಯುತ್ತದೆ. ಮನುಷ್ಯನ ಉಸಿರೂ ಮೈವಾಸನೆಯೂ ಅದನ್ನು ಕರೆಯುತ್ತವೆ. ಮೊಟ್ಟೆಯಿಡುವ ಹೊತ್ತಿಗೆ ಅದು ನೀರನ್ನು ಹುಡುಕಿಕೊಂಡು ಹೋಗುತ್ತದೆ. ನಾದಶಾಸ್ತ್ರಜ್ಞನ ಸೊಳ್ಳೆಗೆ ಹಸಿವಿಲ್ಲ, ಮೂಗಿಲ್ಲ. ಆದಾಗ್ಯೂ ಇಂಥ ಲೆಕ್ಕದ ಗುಣವೇನೆಂದರೆ, ಅದು ತಪ್ಪಿದರೂ ಎಲ್ಲಿ ತಪ್ಪಿತೆಂಬುದನ್ನು ತೋರಿಸಿಕೊಡುತ್ತದೆ. ಬರಿಯ ಅಭಿಪ್ರಾಯಕ್ಕೆ ಈ ಗುಣವಿಲ್ಲ. ಅದು ಎಂದಿಗೂ ಸಿಕ್ಕಿಬೀಳುವುದಿಲ್ಲ.

ಸೊಳ್ಳೆಯ ದೂರದ ಲೆಕ್ಕವಾಯಿತು. ಸಂಖ್ಯೆಯ ಲೆಕ್ಕವು ಉಳಿಯಿತು. ಒಂದು ಸೊಳ್ಳೆಯಾದರೂ ಬದುಕಿರುವವರೆಗೆ ರೋಗವು ಹೋಗದೆಂದೂ, ಎಲ್ಲ ಸೊಳ್ಳೆಗಳನ್ನೂ ಕೊಲ್ಲುವುದು ಅಸಾಧ್ಯವಾದುದರಿಂದ ಪ್ರಯತ್ನವೇ ಹುಚ್ಚೆಂದೂ ಜನರು ವಾದಿಸಿದರು. ೧೯೦೭ರ ಕೊನೆಯಲ್ಲಿ ಮಾರಿಷಸ್ ದ್ವೀಪಕ್ಕೆ ಹೋಗಿಬಂದ ರಾಸರು ಇದಕ್ಕೂ ಲೆಕ್ಕವನ್ನೇ ಹಾಕಿದರು. ಅದನ್ನು ೧೯೧೧ರಲ್ಲಿ ಹೊರಬಂದ ತಮ್ಮ ಗ್ರಂಥದ ಎರಡನೆಯ ಮುದ್ರಣದಲ್ಲಿ ಬೆಳೆಸಿದರು. ಆ ಲೆಕ್ಕದ ಧಾಟಿಯು ಹೀಗಿದೆ: ರೋಗಿಯೊಬ್ಬನ ಪಾಲಿಗೆ ೪೮ ಸೊಳ್ಳೆಗಳು ಬಂದುವೆನ್ನೋಣ. ಅವುಗಳಲ್ಲಿ ನಾಲ್ಕರಲ್ಲೊಂದಕ್ಕೆ ಮಾತ್ರ ಕಚ್ಚುವ ಅವಕಾಶವು ಸಿಕ್ಕಿದರೆ ರೋಗವು ೧೨ ಸೊಳ್ಳೆಗಳಿಗೆ ತಗಲುತ್ತದೆ. ಜೀವಿಯು ಸೊಳ್ಳೆಯ ಒಡಲಲ್ಲಿ ಪಕ್ವವಾಗುವುದಕ್ಕೆ ಹತ್ತು ದಿನಗಳಾದರೂ ಬೇಕು. ಅಷ್ಟರವರೆಗೆ ಮೂರರಲ್ಲೊಂದು ಬದುಕಿದರೆ ಉಳಿಯುವುವು ೪. ಅವುಗಳಲ್ಲಿ ಮತ್ತೆ ನಾಲ್ಕರಲ್ಲೊಂದು ಇನ್ನೊಬ್ಬನನ್ನು ಕಚ್ಚಿದರೆ ಹೊಸ ರೋಗಿಯು ಒಬ್ಬನು. ಒಬ್ಬನಿಂದ ಒಬ್ಬನಿಗೆ, ರೋಗವು ಹೆಚ್ಚದೆ ತಗ್ಗದೆ ನಿಲ್ಲುತ್ತದೆ. ಸೊಳ್ಳೆಗಳು ಇಮ್ಮಡಿಯಾದರೆ ಒಬ್ಬನಿಂದ ಇಬ್ಬರು, ಇಬ್ಬರಿಂದ ನಾಲ್ವರು. ಹತ್ತನೆಯ ಸುತ್ತಿಗೆ ೧೦೨೪ ಮಂದಿ. ಸೊಳ್ಳೆಗಳು ತುಸು ತಗ್ಗಿ, ನೂರು ರೋಗಿಗಳಿಂದ ತೊಂಬತ್ತೇ ಹೊಸ ರೋಗಿಗಳಾದರೆ, ಹತ್ತನೆಯ ಸುತ್ತಿಗೆ ಉಳಿಯುವವರು ೩೫. ಸುತ್ತುಗಳು ಮುಂದುವರಿದಂತೆ ರೋಗವು ಎಣ್ಣೆ ತೀರಿದ ದೀಪದಂತೆ ತಾನಾಗಿ ಆರುತ್ತದೆ. ಆಗಲೂ ಊರಿನಲ್ಲಿ ಸೊಳ್ಳೆಗಳು ಇದ್ದೇ ಇರುತ್ತವೆ! ಕೊನೆಯ ಸೊಳ್ಳೆಯನ್ನು ಕೊಲ್ಲಬೇಕಾಗಿಲ್ಲ. ಒಂದು ಹೊಸ್ತಿಲಿದೆ, ಅದರ ಕೆಳಗೆ ಇಳಿಸಿದರೆ ಸಾಕು. ೧೯೪೨ರಲ್ಲಿ ಶಿಕಾಗೊ ನಗರದಲ್ಲಿ ಫರ್ಮಿಯವರು ಯುರೇನಿಯಮ್ಮಿನ ರಾಶಿಯಲ್ಲಿ ಪರಮಾಣುಗಳ ಸರಪಣಿಯನ್ನು ಉರಿಸಿದಾಗಲೂ ಇಂಥದೇ ಹೊಸ್ತಿಲನ್ನು ದಾಟಿದರು. ಅಲ್ಲಿ ದಾಟಬೇಕಾಗಿತ್ತು, ಇಲ್ಲಿ ದಾಟದಂತೆ ನೋಡಿಕೊಳ್ಳಬೇಕು.

ರಾಸರು ತಮ್ಮ ಈ ಗಣಿತವನ್ನು ತುಂಬ ಪ್ರೀತಿಸಿದರು. ರೋಗಗಳ ಏರಿಳಿತವನ್ನು ಗಣಿತದಿಂದಲ್ಲದೆ ಅರಿಯಲಾಗದೆಂಬುದು ಅವರ ದೃಢವಾದ ನಂಬುಗೆಯಾಗಿತ್ತು. ೧೯೧೬ ಮತ್ತು ೧೯೧೭ರಲ್ಲಿ ಹಿಲ್ಡಾ ಹಡ್ಸನ್ ಎಂಬ ಗಣಿತವಿದುಷಿಯೊಡನೆ ಸೇರಿ ಅದನ್ನು ಇನ್ನೂ ವಿಸ್ತರಿಸಿದರು. ವೈದ್ಯರು ಬೀಜಾಕ್ಷರಗಳನ್ನು ಕಂಡು ಬೆದರಿದರು. ಗಣಿತಜ್ಞರಿಗೆ ಸೊಳ್ಳೆಯು ಅಷ್ಟು ರುಚಿಸಲಿಲ್ಲ. ಆದರೆ ಬೀಜವೊಂದು ಮೊದಲೇ ಬಿದ್ದಿತ್ತು. ೧೯೦೧ರಲ್ಲಿ ರಾಸರೊಡನೆ ಆಫ್ರಿಕದ ಸಿಯೆರಾ ಲಿಯೋನಿಗೆ ಹೋಗಿದ್ದ ಮ್ಯಾಕೆಂಡ್ರಿಕ್ ಎಂಬ ತರುಣ ವೈದ್ಯರು ಮುಂದೆ ಭಾರತದ ಸೇವೆಗೆ ಸೇರಿ ಕಸೌಲಿಯ ಪಾಶ್ಚರ್ ಸಂಸ್ಥೆಯ ಮುಖ್ಯಸ್ಥರಾದರು. ಪಾತ್ರೆಯೊಂದರಲ್ಲಿ ಎರಡು ದ್ರವ್ಯಗಳ ಅಣುಗಳು ಸಂಧಿಸಿ ಕೂಡಿಕೊಳ್ಳುವ ಬಗೆಯಲ್ಲಿಯೇ ರೋಗಿಗಳೂ ನಿರೋಗಿಗಳೂ ಸಂಧಿಸುತ್ತಾರೆಂದು ಅವರು ಭಾವಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ, ಪ್ರಯೋಗಶಾಲೆಯ ಸ್ಫೋಟದಲ್ಲಿ ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದ ಕರ್ಮ್ಯಾಕ್ ಎಂಬ ರಸಾಯನಶಾಸ್ತ್ರಜ್ಞರೊಡನೆ ಸೇರಿ, ೧೯೨೭ರಲ್ಲಿ ಸಾಂಕ್ರಾಮಿಕಗಳ ಗಣಿತದ ತಳಹದಿಯನ್ನು ಹಾಕಿದರು. ಅವರು ತಮ್ಮ ಸೂತ್ರವನ್ನು ಹೋಲಿಸಿ ನೋಡಿದುದು ೧೯೦೫-೦೬ರಲ್ಲಿ ಮುಂಬಯಿಯಲ್ಲಿ ಪ್ಲೇಗಿನಿಂದ ಸತ್ತವರ ಲೆಕ್ಕದೊಡನೆ. ಕಣ್ಣಿಲ್ಲದವನು ಮನಸ್ಸಿನಲ್ಲಿಯೇ ಗೆರೆಯೆಳೆದು ರೋಗದ ಏರಿಳಿತವನ್ನು ಕಂಡನೆಂಬುದನ್ನು ಓದಿದಾಗ, ಕಣ್ಣಿದ್ದವರು ಎಷ್ಟನ್ನು ಕಾಣದೆ ಉಳಿದರೆಂದು ಅಚ್ಚರಿಯಾಗುತ್ತದೆ.

ರಾಸರು ೧೯೩೨ರಲ್ಲಿ ತೀರಿಕೊಂಡರು. ಅವರು ಸೊಳ್ಳೆಗಳನ್ನು ಎಣಿಸಿದರು. ೧೯೫೦ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡರು ಸೊಳ್ಳೆಯ ದಿನಗಳನ್ನು ಎಣಿಸಿದರು. ರೇಡಿಯಮ್ಮಿನ ಪರಮಾಣುಗಳು ಇಂತಿಷ್ಟು ಕಾಲಕ್ಕೆ ಇಂತಿಷ್ಟು ಪಾಲಿನಂತೆ ಸವೆಯುವ ಹಾಗೆ ಸೊಳ್ಳೆಗಳೂ ದಿನದಿನಕ್ಕೆ ಒಂದು ಪಾಲಿನಂತೆ ಸಾಯುತ್ತವೆ. ದಿನಕ್ಕೆ ನೂರಕ್ಕೆ ೯೦ ಬದುಕಿದರೆ ಹತ್ತು ದಿನಗಳ ಮೇಲೆ ಉಳಿಯುವುವು ೩೫. ೮೦ ಬದುಕಿದರೆ ಉಳಿಯುವುವು ೧೧. ೭೦ ಬದುಕಿದರೆ ಮೂರೇ ಮೂರು. ಹತ್ತು ದಿನ ಬದುಕದ ಸೊಳ್ಳೆಯು ಕಚ್ಚಿದರೂ ರೋಗವನ್ನು ಕೊಡಲಾರದು. ಆದುದರಿಂದ ಸೊಳ್ಳೆಗಳನ್ನು ಅರ್ಧಮಾಡುವುದಕ್ಕಿಂತ ಅವುಗಳ ಆಯುಸ್ಸನ್ನು ತುಸು ಕಡಿಮೆಮಾಡುವುದೇ ಹೆಚ್ಚು ಫಲಕಾರಿ. ಮಲೆನಾಡಿಗೆ ಇದರ ಅರ್ಥವು ಬಹಳ ದೊಡ್ಡದು. ಅಲ್ಲಿನ ಚಳಿಜ್ವರವನ್ನು ಹರಡುತ್ತಿದ್ದ ಸೊಳ್ಳೆಯು ಕೊಳಕು ಹೊಂಡದಲ್ಲಿ ಹುಟ್ಟುವುದಲ್ಲ. ತಿಳಿಯಾಗಿ ಹರಿಯುವ ಹಳ್ಳಗಳ ಅಂಚಿನ ಹುಲ್ಲಿನಲ್ಲಿ ಹುಟ್ಟುವುದು. ಮಲೆನಾಡಿನ ಹಳ್ಳಗಳನ್ನೆಲ್ಲ ಪೀಪಾಯಿಯಂತೆ ಉರುಳಿಸುವವರು ಯಾರು? ೧೯೪೦ರ ದಶಕದ ನಡುವಿನಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ|| ಡಿ. ಕೆ. ವಿಶ್ವನಾಥನ್ನರು ಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಕೈಗೊಂಡರು. ಹೊಟ್ಟೆ ತುಂಬ ರಕ್ತವನ್ನು ಕುಡಿದು ಗೋಡೆಯ ಮೇಲೆ ಕೂರುವ ಸೊಳ್ಳೆಯು ಹತ್ತು ದಿನಗಳನ್ನು ಕಾಣದಂತಾಯಿತು. ಹಳ್ಳಗಳು ಹರಿಯುತ್ತಲೇ ಇದ್ದುವು, ಜ್ವರವು ಇಳಿಯಿತು. ಹಾಗೇಕೆ ಆಯಿತೆಂಬುದಕ್ಕೆ ಮ್ಯಾಕ್‌ಡೊನಾಲ್ಡರ ಲೆಕ್ಕವು ಆಮೇಲೆ ಕಾರಣವನ್ನು ಹೇಳಿತು.

ಆದರೆ ಹೊಸ್ತಿಲಿಗೆ ಎರಡು ಮುಖಗಳುಂಟು. ೧೯೫೩ರಲ್ಲಿ ದೇಶವ್ಯಾಪಿಯಾದ ನಿಯಂತ್ರಣ ಕಾರ್ಯವು ಆರಂಭವಾಗುವ ಮೊದಲು ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಚಳಿಜ್ವರ ಬರುತ್ತಿತ್ತೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜಿತ್ತು. ೧೯೬೫ರ ಹೊತ್ತಿಗೆ ರೋಗಿಗಳ ಸಂಖ್ಯೆಯು ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಕೈಗಳು ಸಡಿಲವಾದುವು. ಸೊಳ್ಳೆಗಳು ಔಷಧವನ್ನು ತಾಳಿಕೊಳ್ಳುವುದನ್ನು ಕಲಿತುವು. ೧೯೭೬ರಲ್ಲಿ ರೋಗಿಗಳು ಅರುವತ್ತನಾಲ್ಕು ಲಕ್ಷವನ್ನು ಮೀರಿದರು. ಹೊಸ್ತಿಲಿನ ಕೆಳಗೆ ಇಳಿದ ರೋಗವು ಆರಿಹೋಗುವುದಕ್ಕೆ ಅನೇಕ ಸುತ್ತುಗಳು ಬೇಕು; ಅದಕ್ಕೆ ಮೊದಲೇ ಕೈಬಿಟ್ಟರೆ ಒಂದು, ಎರಡು, ನಾಲ್ಕೆಂದು ಮತ್ತೆ ಏರತೊಡಗುತ್ತದೆ. ಲೆಕ್ಕವು ಆಶೆಯನ್ನು ಕೊಟ್ಟ ಕೈಯಿಂದಲೇ ಎಚ್ಚರಿಕೆಯನ್ನೂ ಕೊಟ್ಟಿತ್ತು. ಜನರು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡರು.

ಮಲೆನಾಡಿನ ಮಕ್ಕಳ ಹೊಟ್ಟೆಯಲ್ಲಿ ಇಂದು ಜ್ವರಗಡ್ಡೆಯು ಕಾಣುವುದು ಅಪರೂಪ. ಆದರೆ ಡೆಂಗೀ ಜ್ವರವು ಪೇಟೆಪಟ್ಟಣಗಳನ್ನು ಹೊಕ್ಕಿದೆ. ೨೦೨೪ರಲ್ಲಿ ಕರ್ನಾಟಕ ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಅದನ್ನು ಹರಡುವ ಸೊಳ್ಳೆಗೆ ಹಳ್ಳವೂ ಬೇಡ, ಗದ್ದೆಯೂ ಬೇಡ. ನಲ್ಲಿಯಲ್ಲಿ ನೀರು ಬಾರದ ದಿನಗಳಿಗಾಗಿ ತುಂಬಿಟ್ಟ ಡ್ರಮ್ಮು, ಮುಚ್ಚಳವಿಲ್ಲದ ತೊಟ್ಟಿ, ಹೂವಿನ ಕುಂಡದ ಕೆಳಗಣ ತಟ್ಟೆ, ಹಿತ್ತಲಲ್ಲಿ ಎಸೆದ ತೆಂಗಿನ ಚಿಪ್ಪು, ಗಾಡಿಯ ಹಳೆಯ ಟೈರು: ಇವೇ ಅದರ ತವರುಮನೆಗಳು. ಅದು ಹಗಲಿನಲ್ಲಿ ಕಚ್ಚುತ್ತದೆ. ಹುಟ್ಟಿದ ಮನೆಯಿಂದ ಬಹಳ ದೂರ ಹೋಗುವುದಿಲ್ಲ. ಜ್ವರದಿಂದ ಬಳಲುವ ಮಗುವಿನ ಹಾಸಿಗೆಯ ಬಳಿ ಕುಳಿತು ಈ ಸೊಳ್ಳೆ ಎಲ್ಲಿಂದ ಬಂದಿತೆಂದು ತಾಯಿಯು ಕೇಳಿದರೆ, ರೇಲೆಯವರ ಗಣಿತವು ಕೆರೆಯ ಕಡೆಗೆ ಬೆರಳು ಮಾಡದೆ ಹಿತ್ತಲ ಬಾಗಿಲಿನ ಕಡೆಗೆ ಮಾಡುತ್ತದೆ. ಮೊಟ್ಟೆಯು ಸೊಳ್ಳೆಯಾಗುವುದಕ್ಕೆ ಒಂದು ವಾರದಿಂದ ಹತ್ತು ದಿನಗಳು ಹಿಡಿಯುತ್ತವೆ. ಆದುದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಅಂಚಿಗೆ ಅಂಟಿದ ಮೊಟ್ಟೆಗಳು ಹೋಗುವಂತೆ ಉಜ್ಜಿ ತೊಳೆದರೆ ಆ ವಂಶವು ಅಲ್ಲಿಗೇ ಕಡಿಯುತ್ತದೆ. ಶನಿವಾರದ ಎಣ್ಣೆನೀರ ಸ್ನಾನದಂತೆ ಇದೂ ಮನೆಯ ಒಂದು ನೇಮವಾಗಬಹುದು. ಒಂದು ಮನೆಯ ನೇಮವು ಕೇರಿಯ ನೇಮವಾದಾಗ ಹೊಸ್ತಿಲು ಹತ್ತಿರವಾಗುತ್ತದೆ.

ಸೊಳ್ಳೆಗಳನ್ನು ತಗ್ಗಿಸುವುದು ಸೃಷ್ಟಿಯ ಕ್ರಮವನ್ನು ಕೆಡಿಸುವುದೆಂದು ಬೆಂಗಳೂರಿನ ದಂಡಿನ ಅಧಿಕಾರಿಯು ೧೮೮೩ರಲ್ಲಿ ಹೇಳಿದನಷ್ಟೆ. ಸೃಷ್ಟಿಗೆ ಒಂದು ಕ್ರಮವಿದೆಯೆಂಬ ಮಟ್ಟಿಗೆ ಆತನ ಮಾತು ಸರಿಯಾಗಿತ್ತು. ತಂಬೂರಿಯ ನಾದದಲ್ಲಿ, ನೀರಿನ ಮೇಲಣ ಕಣದಲ್ಲಿ, ರೇಡಿಯಮ್ಮಿನ ಸವೆತದಲ್ಲಿ, ಸೊಳ್ಳೆಯ ರೆಕ್ಕೆಯಲ್ಲಿ ಆ ಕ್ರಮವು ಒಂದೇ ಆಗಿ ನಡೆಯುತ್ತಿದೆ. ಆದರೆ ಪೀಪಾಯಿಯನ್ನು ಉರುಳಿಸಿದ ತರುಣನು ಅದನ್ನು ಕೆಡಿಸಲಿಲ್ಲ; ಅದನ್ನೇ ನಂಬಿ ಕೆಲಸಮಾಡಿದನು. ನಾಳೆಯ ಬೆಳಗ್ಗೆ ಹಿತ್ತಲಿಗೆ ಹೋಗಿ, ಮಳೆನೀರು ನಿಂತ ಒಂದು ತೆಂಗಿನ ಚಿಪ್ಪನ್ನು ಬೋರಲು ಹಾಕುವ ಗೃಹಿಣಿಯೂ ಅದನ್ನೇ ಮಾಡುತ್ತಾಳೆ.